ಹಿಂದಿನ ಸಾಲಿನ ಪಿಸುಮಾತು

ಜುಲೈ ೨, ಮಂಗಳವಾರ

ಇಂದಿನಿಂದ ನನ್ನ ಭಾಷಣವೆಲ್ಲ ಈ ಪುಸ್ತಕಕ್ಕೆ. ಇದು ಹೆಂಡತಿಯ ಆಜ್ಞೆ. "ಹಗಲೆಲ್ಲ ಕಚೇರೀಲಿ ಮಾತು, ಮನೆಗೆ ಬಂದ್ರೆ ಅದೇ ಮಾತಿನ ಎರಡನೇ ಆಟ. ನಂಗೂ ಇರೋದು ಎರಡೇ ಕಿವಿ. ಬರೆದಿಡಿ, ಪುಸ್ತಕ ಎದ್ದು ಹೋಗಲ್ಲ" ಎಂದಳು. ನಮ್ಮ ನಾಟಕ ಕಂಪನಿಯಲ್ಲಿ ಆಯುಷ್ಯವೆಲ್ಲ ಪರದೆಯ ಮರೆಯಲ್ಲಿ ಕೂತು ನಟರಿಗೆ ಮರೆತ ಮಾತು ಎತ್ತಿಕೊಟ್ಟವಳು ಅವಳು. ಆಡುವವರೆಂದರೆ ಸಾಕಾಗಿ ಹೋಗಿದೆ. ಆಗಲಿ ದೇವಿ, ನಿನ್ನ ಅಪ್ಪಣೆ. ಒಬ್ಬನೂ ಇಲ್ಲದ ಈ ಮಹಾಸಭೆಗೆ ನನ್ನ ವಂದನೆ.

ಮೊದಲ ಸುದ್ದಿ: ತಳ್ಳುಗಾಡಿಯವನಿಗೆ ಗುರುತಿನ ಚೀಟಿ ಬಂತು. ನಾನು ತಯಾರು ಮಾಡಿದವರಲ್ಲಿ ಇದುವರೆಗೆ ಒಬ್ಬರೂ ಬಿದ್ದಿಲ್ಲ ಎಂಬುದನ್ನು ಇಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡುತ್ತೇನೆ.

ಕಂಪನಿ ಮುಚ್ಚಿದ ಮೇಲೆ ನಮ್ಮ ಬಡಾವಣೆಯ ನಿವಾಸಿಗಳ ಸಂಘದವರು ನನ್ನನ್ನು ಗುರುತಿನ ಚೀಟಿ ಕಚೇರಿಯ ಮುಂದಿನ ಪಡಸಾಲೆಯಲ್ಲಿ ಒಂದು ಮೇಜು ಹಾಕಿ ಕೂರಿಸಿದರು. ಓದು ಬರಹ ಬಾರದವರಿಗೆ ನೆರವಾಗುವುದು ಕೆಲಸ. ಹುಟ್ಟಿದ್ದಕ್ಕೆ ಕಾಗದವಿಲ್ಲದವರು ಗುರುವಾರದ ವಿಚಾರಣೆಯಲ್ಲಿ ಪರಿಶೀಲನಾಧಿಕಾರಿಯ ಎದುರು ನಿಂತು, ತಾವು ಯಾರೆಂದು ಬಾಯಿಮಾತಿನಲ್ಲೇ ಹೇಳಬೇಕು. ಅವರು ನಂಬಿದರೆ ಚೀಟಿ. ಚೀಟಿ ಇದ್ದರೆ ಪಡಿತರ, ಆಸ್ಪತ್ರೆ, ಶಾಲೆ, ಪಿಂಚಣಿ. ನಂಬದಿದ್ದರೆ ನೀವು ಉಸಿರಾಡುತ್ತಿದ್ದರೂ ಇಲ್ಲ. ಆ ಅಧಿಕಾರಿ ಎದುರಿನವರು ಮಾತಾಡುವಾಗ ಮುಖ ನೋಡುವುದಿಲ್ಲ, ತಮ್ಮ ಉಗುರು ನೋಡಿಕೊಳ್ಳುತ್ತಾರೆ. ಅದಕ್ಕೇ ನಾನು ಇಟ್ಟ ಹೆಸರು ಉಗುರು ಸಾಹೇಬರು.

ನಾನು ಬರುವುದಕ್ಕೆ ಮುಂಚೆ ಜನ ಆ ಕೋಣೆಯಲ್ಲಿ ಒದ್ದೆ ಬೆಕ್ಕಿನಂತೆ ನಿಲ್ಲುತ್ತಿದ್ದರಂತೆ. ತಮ್ಮ ಹೆಸರನ್ನೇ ಕದ್ದ ಮಾಲಿನ ಹಾಗೆ ಹೇಳುತ್ತಿದ್ದರಂತೆ. ಗೊಣಗಿದ್ದು ಕೇಳಿಸಲಿಲ್ಲ, ತಿರಸ್ಕೃತ. ತಡವರಿಸಿದ, ತಿರಸ್ಕೃತ. ಈಗ ನಾನು ತಾಲೀಮು ಕೊಡುತ್ತೇನೆ. ಎಲ್ಲಿ ತಲೆ ಎತ್ತಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು, ಅಮ್ಮ ಎಂಬ ಮಾತಿನ ಮುಂಚೆ ಹೇಗೆ ಉಗುಳು ನುಂಗಬೇಕು, ಎಲ್ಲ. "ನಿನ್ನ ಹೆಸರು ಹೇಳೋಕೆ ಏನು ನಾಚಿಕೆನಯ್ಯಾ" ಎಂದು ತಳ್ಳುಗಾಡಿಯವನನ್ನು ಗದರಿಸಿದರೆ, "ನಾಚಿಕೆ ಅಲ್ಲ ಸ್ವಾಮಿ, ಅಭ್ಯಾಸ ಇಲ್ಲ. ಎಲ್ರೂ ಏಯ್ ಗಾಡಿ ಅಂತಾರೆ" ಎಂದ. ಅಂಥವನ ಗಂಟಲಿನಿಂದ ಗುರುವಾರ ಸಿಂಹ ಹೊರಟಿತು. ಚೀಟಿಗೆ ಹೆಬ್ಬೆರಳ ಗುರುತು ತೆಗೆಯುವ ಬೆರಳಚ್ಚಿನ ಯಂತ್ರದವನು ಬಂದು ನನ್ನ ಕೈ ಕುಲುಕಿ, "ರಾಜಾಪಾರ್ಟು, ನೀವಿರೋವರೆಗೂ ನನ್ನ ಯಂತ್ರಕ್ಕೆ ಬಿಡುವಿಲ್ಲ" ಎಂದ. ಕಂಪನಿಯಲ್ಲಿ ರಾಜನ ಪಾತ್ರ ಮಾಡುತ್ತಿದ್ದವನೆಂದು ಪಡಸಾಲೆಯಲ್ಲಿ ನನ್ನನ್ನು ಎಲ್ಲರೂ ಹಾಗೇ ಕರೆಯುವುದು. ನಾನು ಬೇಡವೆನ್ನುವುದಿಲ್ಲ.

ಜುಲೈ ೫, ಶುಕ್ರವಾರ

ಇಂದು ಬಂದದ್ದು ಜಿಪ್ಪಿನಜ್ಜಿ. ಬಸ್ ನಿಲ್ದಾಣದ ಮೂಲೆಯಲ್ಲಿ ಮರದ ಪೆಟ್ಟಿಗೆ ಇಟ್ಟುಕೊಂಡು ಬ್ಯಾಗುಗಳ ಜಿಪ್ಪು ರಿಪೇರಿ ಮಾಡುವ ಮುದುಕಿ.

ಸಂಗತಿ ಇಷ್ಟು. ಆಕೆಯ ಒಬ್ಬಳೇ ಮಗಳು ಮೇ ತಿಂಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹಾಸಿಗೆಯ ಪಕ್ಕದಲ್ಲಿದ್ದ ಆರು ವರ್ಷದ ಮೊಮ್ಮಗಳನ್ನು ಆಸ್ಪತ್ರೆಯವರು ಮಕ್ಕಳ ಆಶ್ರಯಕ್ಕೆ ಒಪ್ಪಿಸಿದರು. ಅಜ್ಜಿ ಹೋಗಿ ಕೇಳಿದರೆ, "ನೀವು ಅಜ್ಜಿ ಅನ್ನೋದಿರಲಿ, ನೀವು ನೀವೇ ಅನ್ನೋದಕ್ಕೆ ಏನಿದೆ" ಎಂದರಂತೆ. ಏನೂ ಇಲ್ಲ. ಭಾನುವಾರ ಒಂದು ಗಂಟೆ ಮಗುವಿನ ಜೊತೆ ಕೂರಲು ಬಿಡುತ್ತಾರೆ, ಅಷ್ಟೇ. ಈ ತಿಂಗಳು ಮುಗಿಯುವುದರೊಳಗೆ ಚೀಟಿ ತೋರಿಸದಿದ್ದರೆ ಮಗುವನ್ನು ದೂರದ ದೊಡ್ಡ ಆಶ್ರಯಕ್ಕೆ ಕಳಿಸಿ ದತ್ತುಪಟ್ಟಿಗೆ ಸೇರಿಸುತ್ತಾರೆ.

"ನಿಮ್ಮ ಕಥೆ ಹೇಳಿ" ಎಂದೆ.

"ಕಥೆ ಏನಿಲ್ಲ. ಎಲ್ಲಿ ಹುಟ್ಟಿದ್ದೋ ಗೊತ್ತಿಲ್ಲ. ಹೊಲಿಗೆ ಅಂಗಡಿ ಕಟ್ಟೆ ಮೇಲೆ ಕೂತಿದ್ದು ಗೊತ್ತು. ಅಂಗಡಿಯವರು ಊಟ ಹಾಕಿದ್ರು, ಜಿಪ್ಪು ಹಾಕೋದು ಕಲಿಸಿದ್ರು. ಆಮೇಲೆ ಮಗಳು ಹುಟ್ಟಿದ್ಲು."

"ಗಂಡ?"

"ಇಲ್ಲ."

"ಅಂದರೆ ತೀರಿಕೊಂಡರಾ?"

"ತೀರಿಕೊಳ್ಳೋಕೆ ಮೊದಲು ಇರ್ಬೇಕಲ್ಲ ಸ್ವಾಮಿ."

ಇದನ್ನು ಹೇಳುವಾಗ ಆಕೆಯ ಮುಖದಲ್ಲಿ ಏನೂ ಇರಲಿಲ್ಲ. ಅದೇ ತೊಂದರೆ. ಈ ಮುಖ ಇಟ್ಟುಕೊಂಡು ಈ ಕಥೆ ಹೇಳಿದರೆ ಉಗುರು ಸಾಹೇಬರು ಹತ್ತೂ ಉಗುರು ನೋಡಿ ಮುಗಿಸಿ ಕಾಲಿನದಕ್ಕೆ ಇಳಿಯುತ್ತಾರೆ. "ಅಜ್ಜಿ, ಇದು ಕಥೆ ಅಲ್ಲ, ಹರಿದ ಚೀಲ" ಎಂದೆ. "ನನ್ ಹತ್ರ ಬರೋದೆಲ್ಲ ಹರಿದಿದ್ದೇ" ಎಂದಳು.

ಸರಿ, ನಾನು ಕೂತು ಕಟ್ಟಿದೆ. ಆಕೆಗೆ ಒಬ್ಬ ಗಂಡನನ್ನು ಕೊಟ್ಟೆ, ದೋಣಿಯವನು. ಹೊಳೆಗೆ ಮಹಾಪೂರ ಬಂತು. ಕಾಗದಪತ್ರದ ಟ್ರಂಕನ್ನು ತರಲು ಒಳಗೆ ಹೋದವನು ಮರಳಲಿಲ್ಲ. ಗಂಡನೂ ಹೋದ, ದಾಖಲೆಯೂ ಹೋಯಿತು, ಒಂದೇ ಅಲೆಗೆ ಎರಡೂ. ಇಂಥ ದೃಶ್ಯಕ್ಕೆ ನಮ್ಮ ಕಾಲದಲ್ಲಿ ಗ್ಯಾಲರಿಯವರು ಎದ್ದು ನಿಲ್ಲುತ್ತಿದ್ದರು. ದೋಣಿಯವನಿಗೆ ಒಳ್ಳೆಯ ಹೆಸರನ್ನೂ ಇಟ್ಟೆ.

ಆಕೆ "ಇಲ್ಲದ ಗಂಡ ಯಾಕೆ ಸ್ವಾಮಿ, ಬೇಡ. ಇಷ್ಟು ವರ್ಷ ಇಲ್ಲದೇನೇ ಆಯ್ತಲ್ಲ" ಎಂದಳು. ಹೆದರಿಕೆ. ಎಲ್ಲರಿಗೂ ಮೊದಲ ದಿನ ಇರುತ್ತದೆ. "ಮೊಮ್ಮಗಳು ಬೇಕೋ ಬೇಡವೋ" ಎಂದೆ. ಗಂಡನ ಹೆಸರು ಇನ್ನೊಮ್ಮೆ ಹೇಳಿ ಎಂದಳು.

ಜುಲೈ ೮, ಸೋಮವಾರ

ಮನೆಯ ಹಿಂದಿನ ಕೋಣೆಯಲ್ಲಿ ಅಜ್ಜಿಗೆ ತಾಲೀಮು. ಅಲೆ ಬರುವ ಕಡೆ ಎಡಗೈ ಎದೆಯ ಮೇಲೆ ಬರಬೇಕು. ಆಕೆಯ ಕೈ ಸೊಂಟದವರೆಗೆ ಬಂದು ನಿಲ್ಲುತ್ತದೆ. ಗಂಡನ ಹೆಸರು ಪದೇ ಪದೇ ಮರೆಯುತ್ತಾಳೆ. "ಒಗೆದ ಬಟ್ಟೆ ಹಾಗೆ ನಿಲ್ಲಬೇಡಿ, ಗಂಡ ಸತ್ತಿದ್ದಾನೆ ನಿಮಗೆ" ಎಂದರೆ, "ಆಯ್ತು, ಸಾಯಿಸೋಣ" ಎಂದಳು.

ಬಾಗಿಲಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದ ಹೆಂಡತಿ, ಅಜ್ಜಿ ಹೋದ ಮೇಲೆ ಸೂಜಿಯಿಂದ ಕಣ್ಣೆತ್ತದೆ ಕೇಳಿದಳು. "ನಾನು ಜನ್ಮವಿಡೀ ಇನ್ನೊಬ್ಬರ ಬಾಯಿಗೆ ಮಾತು ಕೊಟ್ಟವಳು. ಆದ್ರೆ ಅವರವರ ಮಾತನ್ನೇ ಕೊಟ್ಟೆ. ನಿಮ್ಮದು ಯಾವ ಕೆಲಸ ರೀ?"

ಹೊಟ್ಟೆಕಿಚ್ಚು. ಪರದೆಯ ಹಿಂದೆ ಇದ್ದವರಿಗೆ ಮುಂದಿನವರ ಮೇಲೆ ಇರುವುದೇ.

ಜುಲೈ ೧೧, ಗುರುವಾರ

ಇಂದು ಬರೆಯುವುದಿಲ್ಲ.

ಜುಲೈ ೧೨, ಶುಕ್ರವಾರ

ಬರೆಯದಿದ್ದರೂ ಅದು ಹೋಗುತ್ತಿಲ್ಲ. ಬರೆದುಬಿಡುತ್ತೇನೆ.

ವಿಚಾರಣೆಯ ಕೋಣೆಯಲ್ಲಿ ಮುಂದೆ ಸಾಹೇಬರ ಮೇಜು, ಅದರೆದುರು ನಿಲ್ಲುವ ಜಾಗ, ಹಿಂದೆ ಕಾಯುವವರಿಗೆ ಬೆಂಚುಗಳು. ನಾನು ಎಂದಿನಂತೆ ಕೊನೆಯ ಬೆಂಚಿನಲ್ಲಿದ್ದೆ. ಅಜ್ಜಿಯ ಸರದಿ ಬಂತು. ಶುರು ಚೆನ್ನಾಗಿತ್ತು. ಮಹಾಪೂರ ಬಂತು. ಕೈ ಎದೆಗೇ ಹೋಯಿತು. ಹೆಮ್ಮೆಯಿಂದ ಪಕ್ಕದವನ ತೊಡೆ ತಟ್ಟಿದೆ.

ಸಾಹೇಬರು ಉಗುರು ನೋಡುತ್ತಲೇ ಕೇಳಿದರು, "ಗಂಡನ ಹೆಸರು?"

ಅಜ್ಜಿ ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಮೆಲ್ಲಗೆ ತಲೆ ತಿರುಗಿಸಿ ನನ್ನನ್ನು ಹುಡುಕಿದಳು.

ನಾನು ಪಿಸುಗುಟ್ಟಿದೆ. ದೇವರಾಣೆ ಪಿಸುಗುಟ್ಟಿದ್ದೇ. ಆದರೆ ನಾನು ಪಿಸುಗುಟ್ಟಲು ಕಲಿತದ್ದು ರಂಗದ ಮೇಲೆ. ಮೈಕಿಲ್ಲದ ಕಾಲದಲ್ಲಿ, ನಾಯಕಿಯ ಕಿವಿಯಲ್ಲಿ ಹೇಳಿದ ಗುಟ್ಟು ಕೊನೆಯ ಸಾಲಿನ ಕಡಲೆಬೀಜದವನಿಗೂ ಮುಟ್ಟಬೇಕಿತ್ತು. ಬೇರೆ ಥರದ ಪಿಸುಮಾತು ನನಗೆ ಬರುವುದೇ ಇಲ್ಲ ಎಂಬುದು ನಿನ್ನೆಯವರೆಗೆ ನನಗೇ ಗೊತ್ತಿರಲಿಲ್ಲ. ದೋಣಿಯವನ ಹೆಸರು ಕೋಣೆಯ ನಾಲ್ಕು ಗೋಡೆಗೂ ಬಡಿದು ಸಾಹೇಬರ ಮೇಜಿನ ಮೇಲೆ ಹೋಗಿ ಬಿತ್ತು.

ಮೊದಲ ಸಲ ಅವರು ಉಗುರು ಬಿಟ್ಟು ತಲೆಯೆತ್ತಿದರು. ಅಜ್ಜಿಯನ್ನಲ್ಲ, ನನ್ನನ್ನು ನೋಡಿದರು.

"ಗಂಡ ಹಿಂದಿನ ಸಾಲಲ್ಲೇ ಕೂತಿದ್ದಾನಲ್ಲಮ್ಮ" ಎಂದರು. "ಮುಳುಗಿದ ಅಂದ್ರಿ."

ಬೆಂಚಿನಲ್ಲಿ ಯಾರೋ ನಕ್ಕರು. ಸಾಹೇಬರು ನಗಲಿಲ್ಲ. "ಈ ವರ್ಷ ಈ ಕೋಣೆಗೆ ಬಂದವರೆಲ್ಲ ಅಮ್ಮ ಅನ್ನೋಕೆ ಮುಂಚೆ ಉಗುಳು ನುಂಗ್ತಾರೆ. ಎಲ್ರಿಗೂ ಒಂದೇ ಜಾಗದಲ್ಲಿ ಉಸಿರು ನಿಲ್ಲುತ್ತೆ. ನಂಗೆ ತಲೆ ಕೆಟ್ಟು ಹೋಗಿತ್ತು. ಇವತ್ತು ಗೊತ್ತಾಯ್ತು." ಕಾಗದದ ಮೇಲೆ ಬರೆದುಕೊಂಡು ಗಟ್ಟಿಯಾಗಿ ಓದಿದರು: "ಸುಳ್ಳು ಹೇಳಿಕೆ. ತಿರಸ್ಕೃತ." ಉಳಿದವರ ವಿಚಾರಣೆ ಮುಂದಕ್ಕೆ ಹೋಯಿತು. ಕೂಲಿ ಬಿಟ್ಟು ಬಂದಿದ್ದವರು ಒಬ್ಬೊಬ್ಬರಾಗಿ ನನ್ನ ಮುಂದೆ ಹಾದು ಹೋದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಜ್ಜಿಯ ಕೈ ಇನ್ನೂ ಎದೆಯ ಮೇಲೇ ಇತ್ತು. ನಾನು ಹೇಳಿಕೊಟ್ಟ ಜಾಗದಲ್ಲೇ. ಯಾವಾಗ ತೆಗೆಯಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ.

ಹೆಂಡತಿಗೆ ಇನ್ನೂ ಹೇಳಿಲ್ಲ. ಕಚೇರಿಗೆ ಇವತ್ತು ರಜೆ ಎಂದೆ. ಕ್ಯಾಲೆಂಡರನ್ನು ಒಮ್ಮೆ ನೋಡಿ, ನನ್ನ ತಟ್ಟೆಗೆ ಊಟ ಹಾಕಿದಳು.

ಜುಲೈ ೧೫, ಸೋಮವಾರ

ಸಾಹೇಬರ ಕ್ಷಮೆ ಕೇಳಲು ಹೋದೆ. ಹಿಂದಿನ ಬಾಗಿಲಿಂದ ಹೋದೆ, ಪಡಸಾಲೆಯಲ್ಲಿ ಜನ ಇರುತ್ತಾರೆ. ಊಟದ ಹೊತ್ತು. ಅವರು ನಲ್ಲಿಯ ಹತ್ತಿರ ತಮ್ಮ ಡಬ್ಬಿ ತೊಳೆಯುತ್ತಿದ್ದರು.

"ಮಾನ್ಯರೇ, ಮಾತನ್ನೇ ನಂಬಿ ಬದುಕಿದ ಈ ನಾಲಿಗೆ ಇಂದು ತನ್ನ ಮಾತಿನಿಂದಲೇ ಮಣ್ಣುಪಾಲಾಗಿದೆ" ಎಂದು ಶುರು ಮಾಡಿದೆ. ಬೆಳಗ್ಗೆ ಕನ್ನಡಿಯ ಮುಂದೆ ಚೆನ್ನಾಗಿ ಬಂದಿತ್ತು. ಪೂರ್ತಿ ಹೇಳಲು ಬಿಟ್ಟರು. ಡಬ್ಬಿಯ ನೀರು ಒದರಿ ಕೇಳಿದರು.

"ಇದಕ್ಕೂ ತಾಲೀಮು ಆಗಿದೆಯಾ?"

"ಆಗಿದೆ" ಎಂಬ ಮಾತು ಬಾಯಿಂದ ತಾನೇ ಬಿತ್ತು.

"ಕೊನೇಲಿ ದನಿ ಒಡೀತಲ್ಲ, ಅದಕ್ಕೂ?"

"ಅದಕ್ಕೂ."

ಡಬ್ಬಿಯ ಮುಚ್ಚಳ ಹಾಕಿದರು. "ಬೇರೆಯವರಿಗೂ ಗಂಡಂದಿರನ್ನ ಹಂಚಿದ್ದೀರಾ?"

"ಇಲ್ಲ. ಅವರ ಕಥೆ ಅವರದೇ. ನಿಲ್ಲೋದು, ಉಸಿರು, ಅಷ್ಟೇ ನಂದು. ಕಥೆ ಕಟ್ಟಿದ್ದು ಇದೊಂದೇ."

"ನೋಡಿ, ನಿಮ್ಮ ಕ್ಷಮೆ ಇಟ್ಕೊಂಡು ನಾನೇನು ಮಾಡ್ಲಿ. ಆ ಅಜ್ಜಿ ಹೇಳಿದ್ರಲ್ಲಿ ಯಾವುದು ಅವರದ್ದು, ಯಾವುದು ನಿಮ್ಮದು? ಅದನ್ನ ಬರೆದು ಸಹಿ ಮಾಡಿ ಕೊಡಿ. ಮರುವಿಚಾರಣೆಗೆ ಹಾಕ್ತೀನಿ. ಕೊಟ್ಟ ಮೇಲೆ ನಿಮ್ಮ ಮೇಜು ಇಲ್ಲಿರಲ್ಲ, ಅದೂ ಗೊತ್ತಿರಲಿ."

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಒಂದು ಮಗುವಿನ ವಿಷಯದಲ್ಲಿ ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಜುಲೈ ೧೬, ಮಂಗಳವಾರ

ಬಸ್ ನಿಲ್ದಾಣಕ್ಕೆ ಹೋದೆ. ಬರಿಗೈಯಲ್ಲಿ ಹೋಗುವ ಧೈರ್ಯ ಬರಲಿಲ್ಲ. ಮನೆಯಿಂದ ಒಂದು ಬ್ಯಾಗು ಹಿಡಿದುಕೊಂಡು ಹೋಗಿ, ಗಿರಾಕಿಯ ಹಾಗೆ ಅಜ್ಜಿಯ ಮುಂದೆ ಇಟ್ಟೆ. ಆಕೆ ಜಿಪ್ಪು ಎಳೆದಳು, ಬಂತು. ಹಾಕಿದಳು, ಹೋಯಿತು. ಮತ್ತೊಮ್ಮೆ ಎಳೆದಳು.

"ಇದಕ್ಕೇನಾಗಿದೆ?"

"ಏನೂ ಆಗಿಲ್ಲ."

"ಮತ್ಯಾಕೆ ತಂದ್ರಿ?"

ಆಕೆ ಕಾಲಿನಿಂದ ಒಂದು ಸ್ಟೂಲು ತಳ್ಳಿದಳು. ಕೂತೆ. ಬಸ್ಸುಗಳು ಬಂದವು, ಹೋದವು. ಆಕೆ ಯಾರದೋ ಶಾಲೆಚೀಲದ ಹಳೆಯ ಜಿಪ್ಪಿನ ಹೊಲಿಗೆ ಬಿಚ್ಚುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕೇಳಿದಳು, "ಆ ದೋಣಿಯವನ ಹೆಸರು ಏನಂದ್ರಿ? ಮತ್ತೆ ಮರೀತು."

ಹೇಳಿದೆ. ಈ ಸಲ ನಿಜವಾಗಿ ಸಣ್ಣ ದನಿಯಲ್ಲಿ.

"ಒಳ್ಳೇ ಮನುಷ್ಯನೇ ಇದ್ದನೇನೋ" ಎಂದಳು. "ಮೊನ್ನೆಯಿಂದ ಯೋಚನೆ ಮಾಡ್ತಿದೀನಿ. ಕಾಗದಕ್ಕೋಸ್ಕರ ನೀರಿಗೆ ಇಳಿಯೋನು ಅಂದ್ರೆ ಸ್ವಲ್ಪ ದಡ್ಡ. ಆದ್ರೂ ಒಳ್ಳೇವನು. ಸುಮ್ನೆ ಅವನನ್ನ ಸಾಯಿಸಿದ್ವಿ."

ನಗುತ್ತಿದ್ದಾಳೋ ಎಂದು ಮುಖ ನೋಡಿದೆ. ನಗುತ್ತಿರಲಿಲ್ಲ. ಆಮೇಲೆ ಹೇಳಿದಳು: ಸುಳ್ಳು ಹೇಳಿಕೆ ಎಂದು ಆಶ್ರಯಕ್ಕೂ ಕಾಗದ ಹೋಗಿದೆಯಂತೆ. ಈ ಭಾನುವಾರ ಗೇಟು ತೆಗೆಯಲಿಲ್ಲವಂತೆ. ಕಾವಲಿನವನು, "ನಂಗೆ ಬೇಜಾರಿಲ್ಲವಾ ಅಜ್ಜಿ, ಆದ್ರೆ ಆರ್ಡರ್" ಎಂದನಂತೆ. ಮಗು ಮೇಲಿನ ಕಿಟಕಿಯಲ್ಲಿತ್ತಂತೆ. ಅಜ್ಜಿ ಕೈ ಮಾಡಿದಳಂತೆ. ಮಗು ಮಾಡಲಿಲ್ಲವಂತೆ.

"ನೀವು ಕಾಣಲಿಲ್ಲವೇನೋ" ಎಂದೆ.

"ಅದಕ್ಕೆ ಕಂಡೆ" ಎಂದಳು.

ಬೈಯಿರಿ ಅಜ್ಜಿ ಎಂದೆ. ದಾರ ಕಡಿದು ಉಗುಳಿ, "ಬೈದ್ರೆ ನಿಮಗೆ ಹಗುರ ಆಗತ್ತೆ. ನನಗೇನಾಗತ್ತೆ" ಎಂದಳು. ಬ್ಯಾಗು ತೆಗೆದುಕೊಂಡು ಬಂದೆ. ಪೇಟೆಯ ದಾರಿ ಬಿಟ್ಟು ಗೋದಾಮುಗಳ ಹಿಂದಿನ ಓಣಿಯಲ್ಲಿ ಬಂದೆ. ಎದುರಿಗೆ ತಳ್ಳುಗಾಡಿಯವನು ಸಿಕ್ಕಿದ. ಅವನು ಕೈಯೆತ್ತುವ ಮುಂಚೆಯೇ ನಾನು ಚಪ್ಪಲಿ ಸರಿ ಮಾಡಿಕೊಳ್ಳುವವನಂತೆ ಬಗ್ಗಿಬಿಟ್ಟೆ.

ಜುಲೈ ೧೮, ಗುರುವಾರ

ಹೆಂಡತಿಗೆ ಎಲ್ಲ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು. ಬೆರಳಚ್ಚಿನವನ ಹೆಂಡತಿ ನೀರಿನ ಸರದಿಯಲ್ಲಿ ಹೇಳಿದ್ದಳಂತೆ. "ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ" ಎಂದಳು. ಮರೆತ ನಟನಿಗೂ ಅವಳು ಹೀಗೇ ಕಾಯುತ್ತಿದ್ದಳು, ತೀರಾ ಕೊನೆಯ ಕ್ಷಣದವರೆಗೆ.

ಹೇಳಿಕೆ ಬರೆಯಲು ಕೂತೆ. ಎರಡು ಪುಟ ಬಂತು. ಕಂಪನಿ ಮುಚ್ಚಿದ್ದು, ಕಲೆಯ ಮೋಹ, ಬಡವರ ಮೇಲಿನ ಕರುಣೆ, ವಿಧಿಯ ಆಟ. ಓದಿ ತೋರಿಸಿದೆ. ಪೂರ್ತಿ ಕೇಳಿ, "ಇದರಲ್ಲಿ ಅಜ್ಜಿ ಎಲ್ಲಿದಾರೆ?" ಎಂದಳು.

ಹುಡುಕಿದೆ. ಎರಡನೇ ಪುಟದ ಕೊನೆಯಲ್ಲಿ ಒಂದು ಕಡೆ ಇದ್ದಳು.

ಹರಿದು ಮತ್ತೆ ಬರೆದೆ. ಗಂಡ ನನ್ನ ಕಲ್ಪನೆ. ಮಹಾಪೂರ ನನ್ನ ಕಲ್ಪನೆ. ಉಳಿದ ಮಾತು ಆಕೆಯದು. ಇಷ್ಟು ಸಾಕೇ ಎಂದೆ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಇನ್ನೇನು ಬೇಕು ಎಂದು ರೇಗಿದೆ. "ನನ್ನನ್ನ ಕೇಳಿದ್ರೆ? ಅವತ್ತು ಮೇಜಿನ ಹತ್ರ ನಾನಿದ್ನಾ?" ಎಂದು ಎದ್ದು ಒಲೆಯ ಕಡೆ ಹೋದಳು.

ಈ ಪುಸ್ತಕವನ್ನೇ ಹಿಂದಕ್ಕೆ ತಿರುಗಿಸಿದೆ. ಐದನೇ ತಾರೀಖು. 'ಬೇಡ' ಎಂದು ಆಕೆ ಅಂದದ್ದನ್ನು ನಾನೇ ಬರೆದಿದ್ದೇನೆ. ಪಕ್ಕದಲ್ಲೇ 'ಹೆದರಿಕೆ' ಎಂದೂ ಬರೆದಿದ್ದೇನೆ. ಆಕೆಗೆ ಹೆದರಿಕೆ ಇರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿಕೊಂಡು ನಿಲ್ಲಬಲ್ಲವಳನ್ನು ನಾನು ಮೊಮ್ಮಗಳ ಹೆಸರು ಹಿಡಿದು ಹೆದರಿಸಿದೆ.

ಒಂದು ಸಾಲು ಸೇರಿಸಿದೆ. "ಆಕೆ ಬೇಡವೆಂದರು. ನಾನು ಒತ್ತಾಯ ಮಾಡಿದೆ." ಸಹಿ ಮಾಡುವಾಗ ಕೈ ಎಂದಿನ ಸುಳಿ ಹಾಕಲು ಹೋಯಿತು. ಅಭಿಮಾನಿಗಳಿಗೆ ಹಾಕುತ್ತಿದ್ದ ಸುಳಿ. ತಡೆದೆ.

ಜುಲೈ ೧೯, ಶುಕ್ರವಾರ

ಕೊಟ್ಟೆ. ಸಾಹೇಬರು ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರೆಂದು ಕಾಣುತ್ತದೆ. "ಬರೋ ಗುರುವಾರ. ನೀವು ಕೋಣೆಯೊಳಗೆ ಬರಬಾರದು. ಆಕೆಯನ್ನ ಬಲ್ಲ ಒಬ್ಬರು ಹಿರಿಯರು ಸಾಕ್ಷಿಗೆ ಬೇಕು. ನೀವಲ್ಲ" ಎಂದರು.

ಸಂಘದವರು ಮಧ್ಯಾಹ್ನವೇ ಮೇಜು ಒಯ್ದರು. ನಾನೂ ಒಂದು ಕಡೆ ಹಿಡಿದೆ.

ಜುಲೈ ೨೨, ಸೋಮವಾರ

ಹೊಲಿಗೆ ಅಂಗಡಿ ಸಿಕ್ಕಿತು. ಅಜ್ಜಿ ಹೇಳಿದ ಬೀದಿಯಲ್ಲಿ ಈಗ ಮೊಬೈಲ್ ಅಂಗಡಿಗಳು. ಕೇಳುತ್ತ ಕೇಳುತ್ತ ಹೋದರೆ, ಹಳೆಯ ದರ್ಜಿಯ ಮಗ ಮಹಡಿಯ ಒಂದೇ ಕೋಣೆಯಲ್ಲಿ ಕುಶನ್ ಹೊಲಿಯುತ್ತಾನೆ. ಅವನಿಗೂ ಅರವತ್ತು ದಾಟಿದೆ. ಏನಾಗಬೇಕು ಎಂದು ಹೇಳಿದೆ. ಮೆಷೀನು ನಿಲ್ಲಿಸಿದ.

"ಅಕ್ಕನಿಗಾ?" ಎಂದ. "ನಾವು ಅಕ್ಕ ಅಂತಲೇ ಕರೀತಿದ್ದಿದ್ದು. ಎಲ್ಲಿಂದ ಬಂದ್ಲು ಅಂತ ಅಪ್ಪನಿಗೂ ಗೊತ್ತಿರಲಿಲ್ಲ. ಒಂದು ದಿನ ಅಂಗಡಿ ತೆಗೆದ್ರೆ ಕಟ್ಟೆ ಮೇಲೆ ಇದ್ಲಂತೆ. ಅಮ್ಮನಿಗೆ ಮೊದಮೊದಲು ಇಷ್ಟ ಇರಲಿಲ್ಲ. ಆಮೇಲೆ ನನಗೆ ಕಾಯಿಲೆ ಬಂದಾಗ ಇವಳೇ ಎತ್ಕೊಂಡು ಓಡಾಡಿದ್ದು. ಅವಳ ಮಗಳು ಹುಟ್ಟಿದ್ದೂ ನಮ್ಮ ಅಂಗಡಿ ಹಿಂದೇನೇ. ಬೀದಿಯವರು ಬಾಯಿಗೆ ಬಂದಂಗೆ ಆಡ್ಕೊಂಡ್ರು. ಅಪ್ಪ, ನಮ್ಮನೆ ಮಗು ಅಂದ್ರು, ಅಷ್ಟೇ. ಮಗೂನ ಅಪ್ಪ ಯಾರು ಅಂತ ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ."

"ಇದನ್ನೇ ಹೇಳ್ತೀರಾ?"

"ಹೇಗೆ ಹೇಳ್ಬೇಕು?" ಎಂದು ನನ್ನನ್ನೇ ಕೇಳಿದ. "ಅಧಿಕಾರಿಗಳ ಮುಂದೆ ನಿಂತು ಅಭ್ಯಾಸ ಇಲ್ಲ ನಂಗೆ. ಸ್ವಲ್ಪ ಹೇಳಿಕೊಡಿ."

"ನನಗೆ ಗೊತ್ತಿಲ್ಲ" ಎಂದೆ. ಬಾಗಿಲವರೆಗೆ ಬಂದು, "ಅವಳು ಈಗಲೂ ತಲೆ ಬಾಚ್ಕೊಳಲ್ವಾ?" ಎಂದು ಕೇಳಿದ. ಅದೂ ಗೊತ್ತಿಲ್ಲ ಎಂದೆ. ಆಕೆಯ ಎದುರು ಇಷ್ಟು ದಿನ ಕೂತಿದ್ದೇನೆ. ನೋಡಿಲ್ಲ.

ಜುಲೈ ೨೫, ಗುರುವಾರ

ಅಜ್ಜಿಯ ಜೊತೆ ಹೆಂಡತಿ ಹೋದಳು, ದರ್ಜಿಯ ಮಗ ನೇರ ಅಲ್ಲಿಗೇ ಬಂದ. ನಾನು ಎದುರಿನ ಗೋಡೆಯ ನೆರಳಲ್ಲಿ ನಿಂತಿದ್ದೆ. ಪಡಸಾಲೆಯಲ್ಲಿ ನನ್ನ ಮೇಜಿದ್ದ ಜಾಗದಲ್ಲಿ ಸೈಕಲ್ಲು ನಿಲ್ಲಿಸಿದ್ದರು. ಬೆರಳಚ್ಚಿನವನು ಚಹಾಕ್ಕೆ ಹೊರಗೆ ಬಂದವನು ನನ್ನನ್ನು ಕಂಡು, "ಏನು ರಾಜಾಪಾರ್ಟು, ಬಯಲಾಟಕ್ಕೆ ಇಳಿದ್ರಾ" ಎಂದ. ನಕ್ಕೆ. ಬೇರೇನು ಮಾಡಲಿ.

ಹೊರಗೆ ಬಂದಾಗ ಅಜ್ಜಿಯ ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ. ಹೆಂಡತಿ ಸುಮ್ಮನೆ ತಲೆ ಆಡಿಸಿದಳು. ಆಯಿತು. ನಂಬಿದರು. ಸೋಮವಾರ ಚೀಟಿ.

ಮನೆಯಲ್ಲಿ ಕೇಳಿದೆ, "ಹೇಗೆ ಮಾಡಿದ್ರು?"

"ಮಾಡಲಿಲ್ಲ ರೀ. ಹೇಳಿದ್ರು."

ಸಾಹೇಬರು ಕೇಳಿದ್ದಕ್ಕೆಲ್ಲ 'ಗೊತ್ತಿಲ್ಲ' ಎಂದಳಂತೆ. ಹುಟ್ಟಿದ್ದೆಲ್ಲಿ, ಗೊತ್ತಿಲ್ಲ. ವಯಸ್ಸೆಷ್ಟು, ಗೊತ್ತಿಲ್ಲ. ಗಂಡ, ಇಲ್ಲ. ಮತ್ತೆ ಹೋದ ಸಲ ಯಾಕೆ ಸುಳ್ಳು ಹೇಳಿದ್ರಿ ಎಂದಾಗ, "ಮಗು ಬೇಕಿತ್ತು ಸ್ವಾಮಿ. ಈಗಲೂ ಬೇಕು" ಎಂದಳಂತೆ. ಇಷ್ಟರಲ್ಲಿ ಒಂದು ಕಡೆಯೂ ಉಸಿರು ನಿಲ್ಲಿಸಲಿಲ್ಲ, ದನಿ ಏರಿಸಲಿಲ್ಲ, ಇಳಿಸಲಿಲ್ಲವಂತೆ. ನನ್ನ ಹೆಸರನ್ನು ಎತ್ತಲೇ ಇಲ್ಲವಂತೆ. ಎತ್ತಬಹುದಿತ್ತು.

ದರ್ಜಿಯ ಮಗ ಅಳುತ್ತ ತೊದಲಿದನಂತೆ. ಅರ್ಧ ಯಾರಿಗೂ ಕೇಳಿಸಲಿಲ್ಲವಂತೆ. ಸಾಹೇಬರು ಅವನಿಗೆ ನೀರು ಕೊಡಿಸಿ, ಇನ್ನೊಮ್ಮೆ ಹೇಳಿ ಎಂದರಂತೆ.

ಜುಲೈ ೩೦, ಮಂಗಳವಾರ

ಆಶ್ರಯಕ್ಕೆ ಹೋಗಬೇಕಿತ್ತು. ಹೆಂಡತಿಗೆ ಜ್ವರ. ಅಜ್ಜಿ, "ನೀವೇ ಬನ್ನಿ. ಚೀಲ ಹಿಡಿಯೋಕೆ ಒಬ್ರು ಬೇಕು" ಎಂದಳು. ಮಗುವಿನ ಬಟ್ಟೆಬರೆಗೆ ದೊಡ್ಡ ಖಾಲಿ ಚೀಲವೊಂದನ್ನು ನನ್ನ ಕೈಗೆ ಕೊಟ್ಟಳು. ಬಸ್ಸಿನಲ್ಲಿ ಅದರ ಜೊತೆ ದಾರಿಯುದ್ದಕ್ಕೂ ಕೂತಿದ್ದೆ. ಆಕೆ ತಲೆ ಬಾಚಿಕೊಂಡಿದ್ದಳು. ಎಣ್ಣೆ ಹಚ್ಚಿ, ಬಿಗಿಯಾಗಿ.

ಮೇಲ್ವಿಚಾರಕಿ ಚೀಟಿ ನೋಡಿದರು, ಕಚೇರಿಯ ಕಾಗದ ನೋಡಿದರು. "ಎಲ್ಲ ಸರಿ ಇದೆ. ಆದ್ರೆ ಮಗು ಬಾಯಿಂದ ಒಂದು ಮಾತು ಕೇಳಬೇಕು, ನಿಯಮ" ಎಂದು ಮಗುವನ್ನು ಕರೆಸಿದರು. ಬಂತು. ಬಾಗಿಲಲ್ಲೇ ನಿಂತಿತು. ಮೊಣಕಾಲಿನ ಮೇಲೆ ಒಣಗಿದ ಗಾಯ.

"ಪುಟ್ಟಿ, ಇವರು ಯಾರು ಹೇಳು?"

ಮಗು ಅಜ್ಜಿಯನ್ನು ನೋಡಿತು. ಹೇಳಲಿಲ್ಲ.

"ಗೊತ್ತಿಲ್ವಾ? ನೋಡು ಸರಿಯಾಗಿ."

ಹೇಳಲಿಲ್ಲ. ಅಜ್ಜಿಯೂ ಏನೂ ಹೇಳಲಿಲ್ಲ. ಕೈ ಚಾಚಲಿಲ್ಲ. ಮಗುವಿನ ಕಣ್ಣು ಅಜ್ಜಿಯ ಭುಜದ ಮೇಲಿನಿಂದ ಬಂದು ನನ್ನ ಮೇಲೆ ನಿಂತಿತು. ಅಜ್ಜಿ, ಎರಡೇ ಅಕ್ಷರ. ನನ್ನ ತುಟಿ ಅಲುಗಾಡಿದ್ದರೆ ಸಾಕಿತ್ತು, ದನಿಯೂ ಬೇಕಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ನಿಂತೆ. ಗೋಡೆಗೆ ಹಸಿರು ಬಣ್ಣ, ಮಕ್ಕಳ ಕೈ ಎಟುಕುವ ಎತ್ತರದವರೆಗೆ ಕೊಳೆ. ಮೇಲ್ವಿಚಾರಕಿಯ ಪೆನ್ನು ಮೇಜಿಗೆ ತಟ್ಟುತ್ತಿತ್ತು. ಅದು ನಿಂತಿತು. ಈಗ ಮುಗಿಯಿತು ಎಂದುಕೊಂಡೆ.

"ಭಾನುವಾರ ಯಾಕೆ ಬರ್ಲಿಲ್ಲ?"

ಮಗುವಿನ ದನಿ. ಇಷ್ಟು ಸಿಟ್ಟಿನ ದನಿಯನ್ನು ನಾನು ಯಾವ ರಂಗದ ಮೇಲೂ ಕೇಳಿಲ್ಲ.

"ಒಂದು ಭಾನುವಾರ ಅಲ್ಲ. ಎಷ್ಟೊಂದು ಭಾನುವಾರ. ನಾನು ಕಿಟಕಿ ಹತ್ರಾನೇ ಇದ್ದೆ. ಒಳಗೆ ಬರ್ದೇ ಹೋದೆ ನೀನು. ಕೆಟ್ಟ ಅಜ್ಜಿ."

ಮೇಲ್ವಿಚಾರಕಿ ಬರೆದುಕೊಳ್ಳುವುದು ಕೇಳಿಸಿತು. ನಾನು ತಿರುಗಿದೆ. ಅಜ್ಜಿ ಮಂಡಿಯೂರಿ ಕೂತಿದ್ದಳು. ಮಗು ಇನ್ನೂ ಹತ್ತಿರ ಬಂದಿರಲಿಲ್ಲ.

"ಬಂದಿದ್ದೆ ಮರಿ. ಗೇಟು ತೆಗೀಲಿಲ್ಲ."

"ಯಾಕೆ ತೆಗೀಲಿಲ್ಲ?"

ಈಗ ನನ್ನ ಕಡೆ ನೋಡುತ್ತಾಳೆ ಎಂದು ತಲೆ ತಗ್ಗಿಸಿದೆ. ನೋಡಲಿಲ್ಲ.

"ನಾನು ಸರಿಯಾಗಿ ಹೇಳ್ಲಿಲ್ಲ. ಅದಕ್ಕೆ."

ತಪ್ಪು ನನ್ನದು ಮಗು ಎಂಬ ಮಾತು ಗಂಟಲಲ್ಲಿ ಸಿದ್ಧವಾಗಿತ್ತು. ಎಲ್ಲ ಸಿದ್ಧವಾಗಿತ್ತು, ದನಿ ಎಲ್ಲಿ ಇಳಿಯಬೇಕು ಎಂಬುದೂ. ಹೇಳಲಿಲ್ಲ. ಹೇಳಬೇಕಿತ್ತೋ ಏನೋ. ಈಗ ಬರೆಯುವಾಗಲೂ ತಿಳಿಯುತ್ತಿಲ್ಲ. ಅಷ್ಟರಲ್ಲಿ ಮಗು ಹೋಗಿ ಅಜ್ಜಿಯ ಹೆಗಲಿಗೆ ಒಂದು ಗುದ್ದಿತು, ಇನ್ನೊಂದು ಗುದ್ದಿತು, ಆಮೇಲೆ ಅಲ್ಲೇ ಮುಖ ಇಟ್ಟಿತು.

ಬಟ್ಟೆ ಸ್ವಲ್ಪವೇ ಇದ್ದವು. ಚೀಲ ಅರ್ಧವೂ ತುಂಬಲಿಲ್ಲ. ಗೇಟಿನ ಹೊರಗೆ ಅವರಿಬ್ಬರೂ ಮುಂದೆ, ನಾನು ಹಿಂದೆ. ಮಗು ತಿರುಗಿ ನನ್ನನ್ನು ನೋಡಿ ಕೇಳಿತು.

"ಇವರ್ಯಾರು?"

ಅಜ್ಜಿ ಮಗುವಿನ ಕೈ ಹಿಡಿದು ರಸ್ತೆ ದಾಟಿಸಿದಳು.

"ಗೊತ್ತಿರೋರು" ಎಂದಳು.

"ನಮ್ಮನೆಗೆ ಬರ್ತಾರಾ?"

"ಇಲ್ಲ. ಬಸ್ಸಿನ ತನಕ."

ಬಸ್ಸಿನ ತನಕ ಹೋದೆ. ಕಿಟಕಿಯಿಂದ ಚೀಲ ಕೊಟ್ಟೆ.